ಧೂಳೇ ಕೂರದ ಸೋಲಾರು

"ಧೂಳು ಒರೆಸಿ" ಅಂತ ಹೇಳೋದು ಎಷ್ಟು ಸುಲಭ! ಹೊಸನಗರದಲ್ಲಿ ಸೋಲಾರ್ ಮೋಟಾರು ರಿಪೇರಿ ಮಾಡೋ ನನಗೆ ಆ ಒಂದು ಮಾತಿನಿಂದ ಆದ ಅವಾಂತರ ಒಂದೆರಡಲ್ಲ.

ನಗರ ಅನ್ನೋ ಊರಿನ ಹತ್ತಿರ ಒಬ್ಬ ಯಜಮಾನರು ಬದನೆ ಗದ್ದೆಯ ಮೇಲೆ ಎದೆಯೆತ್ತರದ ಕಂಬ ನೆಟ್ಟು ಪ್ಯಾನೆಲ್ ಹಾಕಿಸಿದ್ದಾರೆ. ಪಕ್ಕದಲ್ಲೇ ಮಣ್ಣು ರಸ್ತೆ. ಒಂದು ಬಸ್ಸು ಹೋದರೆ ಪ್ಯಾನೆಲ್ಲೆಲ್ಲ ಕೆಂಪು, ಮೋಟಾರು ನೀರೆತ್ತೋದಿಲ್ಲ, ದೂರು ಸಾಗರದ ನಮ್ಮ ಆಫೀಸಿಗೆ. "ಅಲ್ಲಿಂದ ಇನ್ನೊಂದು ಸಲ ಧೂಳಿನ ದೂರು ಬಂತೋ, ನೀನು ಮನೆಗೆ ಹೋಗು" ಅಂದರು ಮ್ಯಾನೇಜರು. ಪುಣ್ಯಾತ್ಮ, ಎಸಿ ರೂಮಲ್ಲಿ ಕೂತು ಹೇಳಿದ್ದು!

ಹಪ್ಪಳ

ನಾನೇ ಹೋಗಿ ತಿಕ್ಕಿ ತೊಳೆದು ಬಂದೆ. ಮಾರನೇ ದಿನವೇ ಫೋನು, ಮೋಟಾರು ನಿಂತಿದೆ ಅಂತ. ಹೋಗಿ ನೋಡಿದರೆ ಪ್ಯಾನೆಲ್ ತುಂಬ ಹಲಸಿನ ಹಪ್ಪಳ!

"ಎಂತ ಅಮ್ಮಾ ಇದು?"

"ಅಂಗಳದಲ್ಲಿ ಬರೀ ಧೂಳು ಮಾರಾಯ. ನೀನು ಇಷ್ಟು ಚೊಕ್ಕ ಮಾಡಿಟ್ಟಿದ್ದಿ, ಸುಮ್ನೆ ಯಾಕೆ ಖಾಲಿ ಬಿಡೋದು?" ಅಂದರು ಯಜಮಾನರ ಹೆಂಡತಿ.

ನನಗೂ ಒಂದು ಕಟ್ಟು ಕೊಟ್ಟರು. ಗದ್ದೆಯ ಬಿಸಿಲೆಲ್ಲ ಅದರಲ್ಲೇ ಇತ್ತಲ್ಲ, ರುಚಿಯಾಗೇ ಇತ್ತು.

ಎಣ್ಣೆ

"ದಿನಾ ಒರೆಸಿ" ಅಂತ ಯಜಮಾನರಿಗೇ ಹೇಳಿದೆ. ಒರೆಸಿದರು, ಕೊಬ್ಬರಿ ಎಣ್ಣೆಯಲ್ಲಿ!

"ಮನೆ ಬಾಗಿಲಿಗೂ ನಾವು ಎಣ್ಣೇನೇ ಒರೆಸೋದು. ಹೆಂಗೆ ಹೊಳೀತದೆ ನೋಡು" ಅನ್ನುವಷ್ಟರಲ್ಲಿ ಬಸ್ಸು ಬಂತು. ಧೂಳು ಅಂಟಿತು ನೋಡಿ, ಗಟ್ಟಿಯಾಗಿ!

ಸಂಜೆವರೆಗೆ ಸೀಗೆಪುಡಿ ಹಾಕಿ ತಿಕ್ಕಿದೆ. ಹಬ್ಬಕ್ಕೂ ನನಗೆ ಯಾರೂ ಅಷ್ಟು ಚೆನ್ನಾಗಿ ಎಣ್ಣೆಸ್ನಾನ ಮಾಡಿಸಿದ್ದಿಲ್ಲ.

ಟಾರ್ಪಾಲು

"ಯಜಮಾನ್ರೇ, ಬರೋ ವಾರ ಮ್ಯಾನೇಜರು ಬರ್ತಾರೆ. ಒಂಚೂರು ಧೂಳು ಕಂಡ್ರೂ ನನ್ನ ಕೆಲಸ ಹೋಯ್ತು" ಅಂತ ಕೈಮುಗಿದೆ.

"ಹೆದರಬೇಡ, ನಂಗೆ ಬಿಡು" ಅಂದರು.

ಮ್ಯಾನೇಜರ ಜೊತೆ ಹೋದರೆ ಇಡೀ ಪ್ಯಾನೆಲ್ಲಿಗೆ ನೀಲಿ ಟಾರ್ಪಾಲು ಹೊದಿಸಿ ಹಗ್ಗ ಬಿಗಿದಿದ್ದಾರೆ! ಕೆಳಗೆ ಬದನೆ ಗಿಡ ಪೂರಾ ಒಣಗಿದೆ.

"ಮೋಟಾರು ಓಡ್ಲೇ ಇಲ್ವಾ?" ಅಂತ ಪಿಸುಗುಟ್ಟಿದೆ.

"ಬದನೆ ಹೋದ್ರೆ ಹೋಗ್ಲಿ ಮಾರಾಯ, ನಿನ್ನ ಕೆಲಸ ಉಳೀಬೇಕಲ್ಲ" ಅಂತ ಯಜಮಾನರು ಹಗ್ಗ ಬಿಚ್ಚಿದರು. ಬೈಯಬೇಕೋ ಕಾಲಿಗೆ ಬೀಳಬೇಕೋ ತಿಳಿಯಲಿಲ್ಲ.

ಪ್ಯಾನೆಲ್ಲು ಕನ್ನಡಿ! ಮ್ಯಾನೇಜರು ಬೆರಳಾಡಿಸಿ, ಬೆರಳು ನೋಡಿಕೊಂಡು, ಪ್ಯಾನೆಲ್ಲಲ್ಲೇ ಮುಖ ನೋಡಿ ಮೀಸೆ ತಿದ್ದಿಕೊಂಡರು. "ಭೇಷ್! ಇಷ್ಟು ಕ್ಲೀನ್ ಪ್ಯಾನೆಲ್ ನಾನು ಎಲ್ಲೂ ನೋಡಿಲ್ಲ" ಅಂತ ಬೆನ್ನು ತಟ್ಟಿದರು. ಕಾಲ ಕೆಳಗೇ ಸತ್ತ ಬದನೆ ಆ ಮಹಾಶಯರಿಗೆ ಕಾಣಲೇ ಇಲ್ಲ.

ನನ್ನ ಕೆಲಸ ಉಳಿಯಿತು. ಮುಂದಿನ ವಾರ ಆಫೀಸಿನಿಂದ ಒಂದು ಲೋಡು ಟಾರ್ಪಾಲು ಬಂತು. ತೀರ್ಥಹಳ್ಳಿವರೆಗಿನ ಎಲ್ಲ ಪ್ಯಾನೆಲ್ಲಿಗೂ ಹೊದಿಸಬೇಕಂತೆ, ನಾನೇ!