ಹಾರ್ಮೋನು ಚಹಾ ತರಲು ಹೋದಾಗ

ಎಲ್ಲ ಎಡವಟ್ಟಿಗೂ ಕಾರಣ ಒಂದು ಬೆಂಚು. ಮುದ್ದೇಬಿಹಾಳದ ಕಾಲೇಜೊಂದರಲ್ಲಿ ಐದು ವರ್ಷದಿಂದ ಹಂಗಾಮಿಯಾಗಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಸಂಗಮೇಶನ ಪಾಠ ನೋಡಲು ಅಂದು ಧಾರವಾಡದಿಂದ ತಜ್ಞರೊಬ್ಬರು ಬರುವವರಿದ್ದರು. ಪಾಠ ಹಿಡಿಸಿದರೆ ನೌಕರಿ ಖಾಯಂ, ಇಲ್ಲದಿದ್ದರೆ ಮನೆಯ ದಾರಿ.

ಥೈರಾಯ್ಡ್ ಹಾರ್ಮೋನನ್ನು ಹಿಡಿದುಕೊಳ್ಳುವ ರಿಸೆಪ್ಟರ್ ಎಂಬ ಪ್ರೋಟೀನು ಡಿಎನ್‌ಎ ಮೇಲೆ ಹೇಗೆ ಕೂರುತ್ತದೆ ಎಂಬುದನ್ನು ಅವನು ನಾಟಕವಾಡಿಸಿ ತೋರಿಸಲು ಹೊರಟಿದ್ದ. ಮುಂದಿನ ಬೆಂಚೇ ಡಿಎನ್‌ಎ. ಅದರ ಮೇಲೆ ರಿಸೆಪ್ಟರ್ ಆಗಿ ವಿದ್ಯಾರ್ಥಿನಿ ಸುನಂದಾ, ಅವಳ ಜೋಡಿಗೆ ತರನ್ನುಮ. ಬೆಂಚಿಗೆ ಅಂಟಿಸಿದ ಚೀಟಿಯೇ ಜೀನು; ಅದನ್ನು ನೋಡಿ ಬೋರ್ಡಿನ ಮೇಲೆ ಬರೆಯಬೇಕಾದವನು ಅಮಿತ.

“ಟಾವೆಲ್ ಒಗದು ಬಸ್ಸಿನ್ಯಾಗ ಸೀಟ್ ಹಿಡೀತೇವಲ್ಲ, ಹಂಗ ಹಾರ್ಮೋನ್ ಬರೂಕಿಂತ ಮೊದಲ ನೀವು ಜಾಗಾ ಹಿಡದು ಕುಂಡ್ರಬೇಕು. ಚೀಟಿಗೆ ಕೈ ಅಡ್ಡ ಇಡ್ರಿ. ಹಾರ್ಮೋನ್ ಬಂದಮ್ಯಾಲೂ ಏಳಬ್ಯಾಡ್ರಿ, ಕೈ ಅಷ್ಟ ತಗೀರಿ. ಆವಾಗ ಅಮಿತ ಬರೀತಾನ,” ಎಂದು ಅವರಿಗೆ ಮೊದಲೇ ಹೇಳಿಕೊಟ್ಟಿದ್ದ.

ಹಾರ್ಮೋನು ಅಂದರೆ ಅಟೆಂಡರ್ ಇಬ್ರಾಹಿಂಸಾಬ. ಅವನನ್ನು ಬಾಗಿಲ ಹೊರಗೆ ನಿಲ್ಲಿಸಿದ್ದಾಗಿತ್ತು.

ತಜ್ಞರು ಬಂದರು, ಹಿಂದೆಯೇ ಪ್ರಿನ್ಸಿಪಾಲ ಗುರುಲಿಂಗಪ್ಪನವರು. ತರಗತಿಯ ಒಂದೇ ಕುರ್ಚಿಗೆ ಮೂರೇ ಕಾಲು, ಹಿಂದಿನ ಬೆಂಚುಗಳೆಲ್ಲ ಭರ್ತಿ. ತಜ್ಞರು ಬೆಂಚಿನತ್ತ ನಡೆದು, “ಸ್ವಲ್ಪ ಸರೀರೆವ್ವಾ,” ಎಂದರು.

“ಇಲ್ರಿ ಸರ. ಹಾರ್ಮೋನ್ ಬಂದ್ರೂ ನಾವು ಏಳಂಗಿಲ್ರಿ,” ಎಂದಳು ಸುನಂದಾ.

ಸಂಗಮೇಶ ಬಾಗಿಲತ್ತ ತಿರುಗಿ, “ಹಾರ್ಮೋನ್, ಒಳಗ ಬಾ!” ಎಂದು ಕೂಗಿದ. ಯಾರೂ ಬರಲಿಲ್ಲ. ಇಣುಕಿದರೆ ವರಾಂಡ ಖಾಲಿ.

“ಇಬ್ರಾಹಿಂಸಾಬ ಎಲ್ಲಿ ಹೋದಾ?”

“ನಾನ ಚಹಾ ತರಾಕ ಕಳಿಸೇನಿ,” ಎಂದರು ಗುರುಲಿಂಗಪ್ಪನವರು. “ದೂರದಿಂದ ಬಂದಾರ, ಚಹಾ ಬ್ಯಾಡೇನ್ರಿ?”

ಕಾಲು ಗಂಟೆಯಾದರೂ ಹುಡುಗಿಯರು ಕೈ ತೆಗೆಯಲಿಲ್ಲ. ಅಮಿತ ಚಾಕ್ ಹಿಡಿದು ನಿಂತ, ತಜ್ಞರೂ ನಿಂತರು. ಸಂಗಮೇಶ ಮನಸ್ಸಿನಲ್ಲೇ ಗಂಟುಮೂಟೆ ಕಟ್ಟಿದ. ಕೊನೆಗೆ ಕಪ್ಪುಬಸಿ ಸದ್ದು ಮಾಡುತ್ತ ಹಾರ್ಮೋನು ಒಳಗೆ ಬಂದಿತು. ತಟ್ಟನೆ ಕೈಗಳು ಸರಿದವು, ಅಮಿತ ಸರಸರನೆ ಬರೆದ. ತಜ್ಞರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಹಾರ್ಮೋನ್ ಬರದಿದ್ರ ಕೆಲಸ ಹೆಂಗ ನಿಂತಬಿಡ್ತೈತಿ ಅನ್ನೂದನ್ನ ಇಷ್ಟು ಛಂದ ಯಾರೂ ತೋರಿಸಿದ್ದಿಲ್ಲ ಬಿಡ್ರಿ!”

ಸಂಗಮೇಶನಿಗೆ ಹೋದ ಜೀವ ಬಂದಂತಾಯಿತು. ಸಂಜೆ ಪ್ರಿನ್ಸಿಪಾಲರ ಕೋಣೆಗೆ ಹೋಗಿ, “ಹಂಗಾರ ನೌಕರಿ ಖಾಯಂ ಆತಲ್ರಿ ಸರ?” ಎಂದು ಕೇಳಿದ.

“ತಜ್ಞರು ಒಪ್ಯಾರ, ನಿಮ್ಮನ್ನ ತಗ್ಯೂದಿಲ್ಲ. ಆದ್ರ ಮ್ಯಾಲಿಂದ ಆರ್ಡರ್ ಬರಬೇಕು, ಯಾವಾಗ ಬರ್ತೈತೋ ಏನೋ. ಹಾರ್ಮೋನ್ ಬರೂತನಕಾ ಜಾಗಾ ಬಿಡದ ಕುಂಡ್ರಬೇಕು ಅಂತ ನೀವ ಕಲಿಸೀರಲ್ಲ? ಕುಂಡ್ರಿ ಮತ್ತ!”

ಇದ್ದದ್ದಂತೂ ಹೋಗಲಿಲ್ಲವಲ್ಲ ಎಂದು ನಿಟ್ಟುಸಿರು ಬಿಟ್ಟ ಸಂಗಮೇಶ, ಆರನೇ ವರ್ಷದ ಹಂಗಾಮಿ ನೇಮಕದ ಕಾಗದಕ್ಕೆ ನಗುನಗುತ್ತಲೇ ಸಹಿ ಹಾಕಿದ.