ರಿಟೈರಾಗದ ಹುಬ್ಬು

ರಿಟೈರ್ ಆಗುವುದು ಸುಲಭ. ಆಮೇಲೆ ಮುಖವನ್ನು ಎಲ್ಲಿಡುವುದು ಎಂಬುದೇ ಕಷ್ಟ. ನಾನು ಕೈ ಕಟ್ಟಿದೆ, ಬಾಯಿ ಕಟ್ಟಿದೆ, ಈ ಮುಖ ಮಾತ್ರ ನನ್ನ ಮಾತು ಕೇಳುವುದಿಲ್ಲ. ಹೊಂಗಡಹಳ್ಳದ ಹತ್ತಿರದ ನಮ್ಮ ಕಾಫಿ ಎಸ್ಟೇಟನ್ನು ಯಜಮಾನರು ತೀರಿಕೊಂಡ ಮೇಲೆ ನಾನೇ ನೋಡಿಕೊಂಡು ಬಂದವಳು. ಹೋದ ದೀಪಾವಳಿಗೆ ಮಗಳು ಶೈಲಾಳ ಕೈಗೆ ಸ್ಟೋರಿನ ಕೀಲಿಗೊಂಚಲು ಕೊಟ್ಟು, "ಇನ್ನು ಎಲ್ಲಾ ನಿಂದೇ, ಐ ಆಮ್ ಕಂಪ್ಲೀಟ್ಲಿ ರಿಟೈರ್ಡ್" ಎಂದೆ. ಮರುದಿನ ಬೆಳಿಗ್ಗೆ ಎಂದಿನ ಹೊತ್ತಿಗೇ ಮಸ್ಟರಿಗೆ ಹೋಗಿ ನಿಂತೆ. ಮಸ್ಟರ್ ಎಂದರೆ ಆಳುಗಳೆಲ್ಲ ಸ್ಟೋರಿನ ಮುಂದೆ ಸೇರಿ, ಹಾಜರಿ ಹಾಕಿಸಿ, ಅಂದಿನ ಕೆಲಸ ಹಂಚಿಸಿಕೊಳ್ಳುವ ಹೊತ್ತು. ಲೀಡರ್ ತಯಾರು ಮಾಡುವವರು ಹತ್ತಿರ ಇರಬೇಡವೇ? ಮಾರಲ್ ಸಪೋರ್ಟ್. ದಿನವೂ ಶೈಲಾಳ ಬೆನ್ನ ಹಿಂದೆ ಕೊಡೆ ಊರಿಕೊಂಡು, ತುಟಿ ಬಿಗಿದು ನಿಲ್ಲುತ್ತಿದ್ದೆ.

ನಮ್ಮ ಕಾನ್ವೆಂಟಿನ ಹಳೆಯ ಮದರ್ ಕೂಡ ಹೀಗೇ. ರಿಟೈರ್ ಆದಮೇಲೆ ಚಾಪೆಲಿನ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದರು. ಅವರು ಕೆಮ್ಮಿದರೆ ಹಾಡು ನಿಂತುಹೋಗುತ್ತಿತ್ತು. ಹಾಡಿಸುವ ಹೊಸ ಸಿಸ್ಟರ್ ಗಾಳಿಯಲ್ಲಿ ಕೈ ಆಡಿಸುತ್ತಲೇ ಇರುತ್ತಿದ್ದರು. ನಾವು ಹುಡುಗಿಯರು ಪುಸ್ತಕದ ಮರೆಯಲ್ಲಿ ನಗುತ್ತಿದ್ದೆವು. ಪಾಪ, ಅವರಿಗೆ ನಿಜವಾದ ಕೆಮ್ಮೇ ಇದ್ದೀತು ಎಂದು ಈಗ ಅನ್ನಿಸುತ್ತದೆ.

ರೊಬಸ್ಟಾ ಗಿಡಗಳಿಗೆ ಹೂವಿನ ನೀರು ಕೊಡುವ ಕಾಲ ಬಂತು. ಮೊಗ್ಗು ಮಾಗಿದಾಗ ನೀರು ಬೀಳದಿದ್ದರೆ ವರ್ಷದ ಫಸಲಿಗೇ ಪೆಟ್ಟು. ಶೈಲಾ, "ಇವತ್ತು ಪೈಪ್ ಎಳೀರಿ, ಕೆರೆ ಕಡೆಯಿಂದ ಸ್ಪ್ರಿಂಕ್ಲರ್ ಶುರು" ಎಂದಳು. ನಾನು ಒಂದಕ್ಷರ ಆಡಲಿಲ್ಲ. ಬಿಸಿಲೆ ಘಾಟಿಯ ಕಡೆಯ ಮೋಡದತ್ತ ಒಮ್ಮೆ ನೋಡಿದೆ, ಅಷ್ಟೇ. ಒಬ್ಬರೂ ಕದಲಲಿಲ್ಲ.

"ಯಾಕೆ ನಿಂತ್ರಿ?" ಎಂದಳು ಶೈಲಾ.

"ಅಮ್ಮಾರು ಮೋಡ ನೋಡ್ತಾವ್ರಲ್ಲ ಅಕ್ಕಾರೆ," ಎಂದ ಹಾಜರಿ ಬರೆಯುವ ರೈಟರ್ ನಂಜಪ್ಪ. "ಮಳೆ ಬರ್ಬೌದೇನೋ. ಎಳ್ದಿದ್ದ ಪೈಪ್ ಮತ್ತೆ ಸುತ್ತೋದ್ಯಾಕೆ?"

"ನಾನೆಲ್ಲಿ ಏನಂದೆ ಮಾರಾಯ?" ಎಂದೆ.

"ನೀವು ಯಾವತ್ತು ಬಾಯಲ್ಲಿ ಹೇಳಿದೀರಿ ಅಮ್ಮಾರೆ?" ಎಂದಳು ಆಳು ಪುಟ್ಟಮ್ಮ. "ನಿಮ್ ಹುಬ್ಬು ನೋಡ್ಕಂಡೇ ಅಲ್ವಾ ನಾವು ಇಷ್ಟ್ ವರ್ಷ ಗೇಯ್ದಿದ್ದು. ಈಗ್ಲೂ ಮ್ಯಾಲೇ ಐತೆ."

ಎಲ್ಲರೂ ನಕ್ಕರು, ಶೈಲಾ ಒಬ್ಬಳನ್ನು ಬಿಟ್ಟು. ಅವಳು ನನ್ನತ್ತ ತಿರುಗಿ, "ಅಮ್ಮ, ನೀನು ಪುಟ್ಟಮ್ಮನ ಜೊತೆ ನರ್ಸರಿಗೆ ಹೋಗು. ಸಸಿ ಚೀಲಕ್ಕೆ ಮಣ್ಣು ತುಂಬೋ ಕೆಲಸ" ಎಂದಳು.

"ಎಕ್ಸ್‌ಕ್ಯೂಸ್ ಮಿ?"

"ಹೊತ್ತಾಯ್ತು."

ಮಸ್ಟರಿನಲ್ಲಿ ಹಂಚಿದ ಕೆಲಸಕ್ಕೆ ಎದುರಾಡುವಂತಿಲ್ಲ. ಆ ರೂಲ್ ಮಾಡಿದವಳೇ ನಾನು. ಕೊಡೆ ಎತ್ತಿಕೊಂಡು ಹೊರಟೆ. ನನ್ನ ಬೆನ್ನು ಕಂಡದ್ದೇ ತಡ, ಗಂಡಾಳುಗಳೆಲ್ಲ ಪೈಪಿನ ಕಡೆ ನಡೆದರು.

ಮಳೆ ಬರಲಿಲ್ಲ. ನರ್ಸರಿಯ ನೆರಳಲ್ಲಿ ಮಣ್ಣು ತುಂಬುತ್ತಿದ್ದಾಗ ದೂರದಲ್ಲಿ ಸ್ಪ್ರಿಂಕ್ಲರ್ ಚಿಟಚಿಟ ತಿರುಗುವ ಸದ್ದು ಕೇಳಿತು. ಮನಸ್ಸಿಗೆ ಹಾಯೆನಿಸಿತು, ಎಲ್ಲೋ ಒಂದು ಕಡೆ ಚುರುಕ್ ಎಂದಿತು ಕೂಡ. ಅಷ್ಟರಲ್ಲಿ ಶೈಲಾ ರೌಂಡ್ಸಿಗೆ ಬಂದಳು. ನಾನು ತುಂಬಿದ ಚೀಲವೊಂದನ್ನು ಎತ್ತಿ ಹಿಸುಕಿ ನೋಡಿದಳು. ಬಾಯಲ್ಲಿ ಏನೂ ಹೇಳಲಿಲ್ಲ. ಹುಬ್ಬು ಮಾತ್ರ ಮೇಲೆ ಹೋಯಿತು.

ನಾನು ಆ ಮಣ್ಣನ್ನು ಸುರಿದು, ಮತ್ತೆ ತುಂಬಲು ಕೂತೆ.