ಸಮುದ್ರದ ದಡಕ್ಕೆ ಹೊರಟ ಹಾಲುಗಂಬ

"ನನ್ ಮೊಮ್ಮಗಳ ಮದ್ವೇಲಿ ಒಂದು ಕಡ್ಡಿಯಷ್ಟು ಕೊರತೆ ಆದ್ರೆ ನಾನು ಚಿಕ್ಕಬಸಮ್ಮನೇ ಅಲ್ಲ" ಎಂದು ಕಟ್ಟೆಮಳಲವಾಡಿಯ ಚಿಕ್ಕಬಸಮ್ಮ ಜಗಲಿಯ ಮೇಲೆ ಕುಳಿತು ಘೋಷಿಸಿದಾಗ, ಬೀದಿಯ ಕೋಳಿಗಳು ಕೂಡ ಒಂದು ಗಳಿಗೆ ಕೆದಕುವುದನ್ನು ನಿಲ್ಲಿಸಿದವು.

ಮೊಮ್ಮಗಳು ಪವಿತ್ರಾ ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿರುವ ಮಗಳು ಭಾಗ್ಯಮ್ಮನ ಮಗಳು. ಆದರೆ ನಡೆಯಲು ಕಲಿತದ್ದು, ಮಾತು ಕಲಿತದ್ದು, ಹಟ ಕಲಿತದ್ದು ಎಲ್ಲ ಅಜ್ಜಿಯ ಮನೆಯಲ್ಲಿ. ಈಗ ಕಣ್ಣೂರಿನ ಕಡೆ ಒಂದು ಆಸ್ಪತ್ರೆಯಲ್ಲಿ ನರ್ಸು. ಅಲ್ಲೇ ಕೆಲಸ ಮಾಡುವ ವಿನೋದನ್ ಎಂಬ ಮಲೆಯಾಳಿ ಹುಡುಗನನ್ನು ಒಪ್ಪಿದ್ದಳು, ಹಿರಿಯರೂ ಒಪ್ಪಿದ್ದರು. ಹುಡುಗನ ಮನೆ ಸಮುದ್ರದ ಎದುರಿಗೇ ಇತ್ತು. ಮದುವೆ ಅಲ್ಲಿನ ಮರಳ ಮೇಲೆ, ಹೊತ್ತು ಮುಳುಗುವ ಮುಹೂರ್ತಕ್ಕೆ. ಸಮುದ್ರವನ್ನೇ ಕಾಣದ ನೆಂಟರು ತಬ್ಬಿಬ್ಬಾಗಬಾರದೆಂದು ಪವಿತ್ರಾ ಲಗ್ನಪತ್ರಿಕೆಯ ಜೊತೆ 'ಬರುವವರ ಗಮನಕ್ಕೆ' ಎಂದು ಒಂದು ಹಳದಿ ಚೀಟಿ ಅಚ್ಚು ಹಾಕಿಸಿ ಕಳಿಸಿದ್ದಳು.

ಚಿಕ್ಕಬಸಮ್ಮ ಅಕ್ಷರ ಕಲಿತದ್ದು ವಯಸ್ಸಾದ ಮೇಲೆ, ಸಾಕ್ಷರತೆಯ ಶಾಲೆಯಲ್ಲಿ. ಒಂದೊಂದು ಅಕ್ಷರದ ಕೆಳಗೂ ಬೆರಳಿಟ್ಟು ಓದುತ್ತಿದ್ದಳು. ಒಲೆಯ ಮೇಲೆ ಎಸರಿಟ್ಟು ಒಂದು ಸಾಲು ಹಿಡಿದರೆ, ಅದು ಮುಗಿಯುವಾಗ ಅನ್ನ ಬಸಿಯುವ ಹೊತ್ತಾಗಿರುತ್ತಿತ್ತು. ಆದರೆ ಓದಿದ್ದರಲ್ಲಿ ಒಂದು ಕೊಂಬು, ಒಂದು ಸೊನ್ನೆ ತಪ್ಪುತ್ತಿರಲಿಲ್ಲ.

'ಮದುವೆಗೆ ಚಪ್ಪರ ಇರುವುದಿಲ್ಲ.' ಬೆರಳು ಅಲ್ಲೇ ನಿಂತಿತು.

'ಕುರ್ಚಿಗಳು ಕಡಿಮೆ ಇವೆ. ದಡದಲ್ಲಿ ದೀಪಗಳಿಲ್ಲ. ರೇಷ್ಮೆ ಬೇಡ, ಹತ್ತಿಯ ಬಟ್ಟೆ ಸಾಕು. ಉಡುಗೊರೆ ತರಬೇಡಿ. ಗಾಳಿ ಜೋರಾಗಿರುತ್ತದೆ.'

"ಅಯ್ಯೋ ನನ್ ಮಗಳೇ, ಎಂಥಾ ಗತಿ ಬಂತವ್ವಾ ನಿಂಗೆ" ಎಂದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕಟ್ಟೆಮಳಲವಾಡಿಯಲ್ಲಿ ಮದುವೆ ಮನೆಯವರು ಯಾರನ್ನೂ ಏನನ್ನೂ ಬಾಯಿಬಿಟ್ಟು ಕೇಳುವುದಿಲ್ಲ. 'ನಮ್ಮನೇಲಿ ಇರೋದು ಒಂದೇ ಕೊಳಗ' ಎಂದು ಬಾವಿಯ ಹತ್ತಿರ ಸುಮ್ಮನೆ ಅಂದರಾಯಿತು, ಸಂಜೆಗೆ ನೆಂಟರ ಕೊಳಗಗಳು ಬಾಗಿಲಲ್ಲಿ ಸಾಲುಗಟ್ಟಿರುತ್ತವೆ. ಇಲ್ಲ ಎಂದರೆ ತನ್ನಿ ಎಂದರ್ಥ. ಬೇಡ ಎಂದರೆ ಖಂಡಿತ ತನ್ನಿ ಎಂದರ್ಥ. ಇಷ್ಟೊಂದು ಇಲ್ಲಗಳನ್ನು ಒಟ್ಟಿಗೆ ಅಚ್ಚು ಹಾಕಿಸಿದ ಮನೆಯನ್ನು ಮಾತ್ರ ಚಿಕ್ಕಬಸಮ್ಮ ತನ್ನ ಜನ್ಮದಲ್ಲಿ ಕಂಡಿರಲಿಲ್ಲ.

ಸೊಸೆ ಪ್ರಮೀಳಾ ಚೀಟಿ ಇಸಿದುಕೊಂಡು ನೋಡಿದಳು. "ಅತ್ತೆ, ಇದು ಸುಮ್ನೆ ತಿಳಿಸಿರೋದು ಕಣ್ರೀ. ತಗೊಂಡ್ ಬನ್ನಿ ಅಂತ ಎಲ್ಲಿ ಬರ್ದವ್ಳೆ?"

"ಅಂಗಂತ ಬರೆಯಕ್ಕೆ ಅವಳೇನು ಮಾನಗೆಟ್ಟೋಳಾ? ಹೋದ್ ವರ್ಸ ನಿಮ್ಮವ್ವ 'ಈ ಸಲ ನಮ್ ಹೊಲದಲ್ಲಿ ಅವರೆಕಾಯಿ ಇಲ್ಲ' ಅಂದಾಗ, ನೀನ್ಯಾಕವ್ವಾ ಒಂದು ಚೀಲ ತುಂಬ್ಕೊಂಡು ಬಸ್ ಅತ್ತಿದ್ದು?"

ಪ್ರಮೀಳಾ ಚೀಟಿಯನ್ನು ಮಡಿಸಿ ಗೂಡಿನಲ್ಲಿಟ್ಟಳು.

"ಎಸ್‌ಟಿಡಿ ಬೂತಿಂದ ಒಂದು ಫೋನ್ ಮಾಡಿ ಕೇಳ್ಬುಡವ್ವ" ಎಂದ ಮಗ ಶಿವಣ್ಣ.

"ಏನಂತ ಕೇಳ್ತೀಯ? ನಿಮಗೆ ಗತಿ ಇಲ್ವಾ ಅಂತಲಾ? ಮಚ್ಚು ತಗೊಂಡು ಅತ್ತಿಮರಕ್ಕೆ ನಡಿ. ಸೋದರಮಾವ ನೀನು, ಹಾಲುಗಂಬ ಕಡಿಯೋದು ನಿನ್ ಕೆಲ್ಸ."

ಮಿಕ್ಕ ಕೊರತೆಗಳನ್ನು ಅವಳು ಸಹಿಸಿಕೊಳ್ಳಬಲ್ಲವಳಾಗಿದ್ದಳು. ಈ ಒಂದನ್ನು ಅಲ್ಲ. ಹಾಲು ಒಸರುವ ಮರದ ಕೊಂಬೆ ನೆಟ್ಟು, ಅದಕ್ಕೆ ಪೂಜೆ ಮಾಡಿ, ಅದರ ಎದುರಿಗೆ ತಾಳಿ ಕಟ್ಟಿದರೆ ಅದು ಮದುವೆ. ಇಲ್ಲದಿದ್ದರೆ ಇಬ್ಬರು ಹಾರ ಹಾಕಿಕೊಂಡು ನಿಂತಂತೆ. ತಾನು ಸಾಕಿದ ಹುಡುಗಿ ಬರೀ ಹಾರ ಹಾಕಿಕೊಂಡು ನಿಲ್ಲುವುದನ್ನು ನೋಡಲು ಅವಳು ಸಿದ್ಧಳಿರಲಿಲ್ಲ.

ಸಜ್ಜು ಶುರುವಾಯಿತು. ಚಪ್ಪರಕ್ಕೆ ಬಿದಿರ ಗಳ, ಹೊಂಗೆಸೊಪ್ಪಿನ ಹೊರೆ, ಬಾಳೆಕಂದು. ಕುರ್ಚಿಗೆ ಬದಲು ಬೀದಿಯ ಸಮಸ್ತ ಜಮಖಾನ, ಚಾಪೆ. ದೀಪಕ್ಕೆ ಎದುರುಮನೆ ಮಂಗಳಮ್ಮನ ಪೆಟ್ರೋಮ್ಯಾಕ್ಸು. ರೇಷ್ಮೆ ಕೊಳ್ಳಲಾರದ ಬೀಗರಿಗೆಂದು ರೇಷ್ಮೆ ಸೀರೆ, ಪಂಚೆ. ಬೇಡವೆಂದ ಉಡುಗೊರೆಗೆ ಹಿತ್ತಾಳೆಯ ಹಂಡೆ. 'ಗಾಳಿ ಜೋರಾಗಿರುತ್ತದೆ' ಎಂಬ ಸಾಲಿಗೆ ಮಾತ್ರ ಏನು ಒಯ್ಯಬೇಕೆಂದು ಎಷ್ಟು ಯೋಚಿಸಿದರೂ ತಿಳಿಯಲಿಲ್ಲ. ಅದೊಂದನ್ನು ಬಿಟ್ಟಳು.

ಹೊಗೆಸೊಪ್ಪಿನ ಹರಾಜಿಗೆ ಬೇಲು ಸಾಗಿಸುವ ಹುಸೇನ್ ಸಾಬರ ಟೆಂಪೋ ಬೆಳಿಗ್ಗೆಯೇ ಬಂತು. ಸಾಬರು ಹೇರಿದ್ದನ್ನು ಹಿಂದೆ ಮುಂದೆ ನೋಡಿದರು. "ಅಮ್ಮಾ, ಮದ್ವೆಗೆ ಹೋಗ್ತಾ ಇದೀವಾ, ಮನೆ ಖಾಲಿ ಮಾಡ್ತಾ ಇದೀವಾ?"

ಕಣ್ಣೂರಿನ ದಾರಿಗೆ ಅಡ್ಡ ಸಿಗುವ ಕಾಡಿನ ಮೊದಲ ಗೇಟಿನಲ್ಲಿ ಫಾರೆಸ್ಟ್ ಗಾರ್ಡು ಸುತ್ತಲೂ ನಡೆದು ನೋಡಿ ನಕ್ಕುಬಿಟ್ಟ. "ಎಲ್ಲಾರೂ ಕಾಡಿಂದ ಸೊಪ್ಪು ಆಚೆಗೆ ಸಾಗಿಸ್ತಾರೆ. ನೀವು ಕಾಡೊಳಕ್ಕೇ ತಗೊಂಡ್ ಹೋಗ್ತಾ ಇದೀರಲ್ಲ. ಜಿಂಕೆಗಾ?" ಎಂದು ಗೇಟು ಎತ್ತಿದ.

ಕಾಡು ದಾಟಿ ಆಚೆಯ ಗೇಟಿಗೆ ಬಂದರೆ ಅಲ್ಲಿದ್ದ ಗಾರ್ಡು ನಗಲಿಲ್ಲ. ಅವನ ಕಣ್ಣಿಗೆ ಕಂಡದ್ದು ಕಾಡಿನಿಂದ ಹೊರಗೆ ಬರುತ್ತಿರುವ ಹಸಿ ಸೊಪ್ಪು, ಬಿದಿರು, ಆಗತಾನೇ ಕಡಿದಂತಿರುವ ಒಂದು ಕೊಂಬೆ.

"ಇಳೀರಿ. ಎಲ್ಲಿ ಕಡಿದ್ರಿ?"

"ಕಟ್ಟೆಮಳಲವಾಡೀಲಿ ಕಣಪ್ಪ."

"ಅಲ್ಲಿಂದ ಸಮುದ್ರಕ್ಕೆ ಯಾರಾದ್ರೂ ಸೊಪ್ಪು ಒಯ್ತಾರಾ?"

"ಅಲ್ಲಿ ಚಪ್ಪರ ಇಲ್ವಂತೆ. ನೋಡು, ಚೀಟಿ" ಎಂದು ಚಿಕ್ಕಬಸಮ್ಮ ಮಡಿಲಿನಿಂದ ತೆಗೆದು ಕೊಟ್ಟಳು.

ಅವನು ಓದಿದ. "ಇದ್ರಲ್ಲಿ ಚಪ್ಪರ ಇರೋದಿಲ್ಲ ಅಂತ ಐತೆ."

"ಅದ್ಕೇ ಒಯ್ತಿರೋದು."

"ಉಡುಗೊರೆ ತರಬೇಡಿ ಅಂತ ಐತೆ."

"ಅದ್ಕೇ ಹಂಡೆ ತಂದಿರೋದು."

ಗಾರ್ಡು ಚೀಟಿಯನ್ನು ತಿರುಗಿಸಿ ಹಿಂಬದಿ ನೋಡಿದ. ಅಲ್ಲಿ ಏನೂ ಬರೆದಿರಲಿಲ್ಲ. ಮೊದಲ ಗೇಟಿನವನನ್ನು ವೈರ್‌ಲೆಸ್ಸಿನಲ್ಲಿ ಕೇಳೋಣವೆಂದರೆ ಅವನು ಊಟಕ್ಕೆ ಹೋಗಿದ್ದ. "ಕಾಯ್ಬೇಕಾಗ್ತದೆ ಅಜ್ಜಿ. ಕೂತ್ಕೊಳಿ ಅನ್ನೋಕೆ ನಮ್ ಹತ್ರ ಒಂದು ಚಾಪೆನೂ ಇಲ್ಲ" ಎಂದ.

ಇಲ್ಲ ಎಂದದ್ದೇ ತಡ, ಚಿಕ್ಕಬಸಮ್ಮ ಟೆಂಪೋದಿಂದ ಒಂದು ಹೊಸ ಚಾಪೆ ಎಳೆದು ಅವನ ಕೈಗೆ ಕೊಟ್ಟಳು. "ಇಟ್ಕೊಳಪ್ಪ."

ಲಂಚವೆಂದು ಹೆದರಿ ಅವನು ಅದನ್ನು ಟೆಂಪೋಗೆ ವಾಪಸು ಹಾಕಿದ. ಅವಳು ಇಳಿಸಿದಳು. ಅವನು ಹಾಕಿದ. ಅವಳು ಇಳಿಸಿದಳು. ಬಿಸಿಲು ಮರದ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಹೋಯಿತು. ಕೊನೆಗೆ ವೈರ್‌ಲೆಸ್ಸಿನಲ್ಲಿ ದನಿ ಕೇಳಿತು. "ಓ, ಸೊಪ್ಪಿನೋರಾ? ಬುಡು ಬುಡು, ಅವ್ರ ಊರಿಂದಲೇ ತಂದವ್ರೆ."

"ಸಾಬ್ರೇ, ಹೊತ್ತು ಮುಳುಗೋದ್ರೊಳಗೆ ತಲುಪ್ಸಿ" ಎಂದು ಅವಳು ಕೈಮುಗಿದಳು. ಘಟ್ಟದ ತಿರುವುಗಳಲ್ಲಿ ಸಾಬರು ದೇವರನ್ನು ನೆನೆದರು, ಪ್ರಮೀಳಾ ಹಂಡೆಯನ್ನು ತಬ್ಬಿಕೊಂಡಳು.

ದಡ ಮುಟ್ಟಿದಾಗ ಸೂರ್ಯ ನೀರಿನಿಂದ ಒಂದು ಗೇಣು ಮೇಲಿದ್ದ. ಬೀಗರು, ನೆಂಟರು ಬರಿಗಾಲಲ್ಲಿ ಹತ್ತಿಯ ಬಟ್ಟೆ ಉಟ್ಟು ಆರಾಮಾಗಿ ನಿಂತಿದ್ದರು. ಟೆಂಪೋ ಕಂಡು ಪವಿತ್ರಾ ಓಡಿಬಂದಳು. "ಅಜ್ಜೀ, ಇದೆಲ್ಲಾ ಏನು?"

"ಕೊರತೆ ಅಂತ ಬರ್ದಿದ್ಯಲ್ಲ ಮಗಾ."

ಪವಿತ್ರಾ ಅಜ್ಜಿಯ ಮುಖ ನೋಡಿ, ಟೆಂಪೋದಿಂದ ಒಂದು ಚಾಪೆಯ ಸುರುಳಿ ಇಳಿಸಿಕೊಂಡಳು.

ಶಿವಣ್ಣ ಗುಂಡಿ ತೋಡಿದ. ಊರಿನ ಕೆಂಪು ಮಣ್ಣಿನಲ್ಲಿ ಗುಂಡಿ ತೋಡಿದರೆ ಅದು ಗುಂಡಿಯಾಗಿ ಇರುತ್ತದೆ. ಇಲ್ಲಿ ಕೈ ತೆಗೆದ ಕೂಡಲೇ ಮರಳು ತಾನೇ ಮುಚ್ಚಿಕೊಂಡಿತು. ಹೇಗೋ ನಾಲ್ಕು ಗಳ ನಿಲ್ಲಿಸಿ ಸೊಪ್ಪು ಹೊದಿಸುವಷ್ಟರಲ್ಲಿ, ಚೀಟಿಯ ಯಾವ ಸಾಲಿಗೆ ಚಿಕ್ಕಬಸಮ್ಮ ಏನೂ ತಂದಿರಲಿಲ್ಲವೋ ಅದು ಬಂತು. ಚಪ್ಪರ ಒಮ್ಮೆ ಉಸಿರೆಳೆದುಕೊಂಡು ಮೇಲಕ್ಕೆದ್ದಿತು. ಹೊಂಗೆಸೊಪ್ಪು ಬೀಗರ ತಲೆಗಳ ಮೇಲೆ ಉದುರಿತು. ಇದು ಮೈಸೂರು ಸೀಮೆಯ ಆಶೀರ್ವಾದವೆಂದು ತಿಳಿದು ಅವರು ತಲೆಬಾಗಿ ಕೈಮುಗಿದರು. ಜಮಖಾನಗಳು ಸಮುದ್ರದ ಕಡೆ ಹೊರಟವು, ಅವುಗಳ ಹಿಂದೆ ಪ್ರಮೀಳಾ, ಅವಳ ಹಿಂದೆ ಹುಸೇನ್ ಸಾಬರು.

ಉಳಿದದ್ದು ಹಾಲುಗಂಬ ಒಂದೇ, ಅದೂ ಶಿವಣ್ಣ ತಬ್ಬಿ ಹಿಡಿದಿದ್ದರಿಂದ. ಅಷ್ಟರಲ್ಲಿ ಭಾಗ್ಯಮ್ಮ ಕೂಗಿದಳು. "ಅಣ್ಣಾ, ಮುಹೂರ್ತ ಬಂತು. ಹುಡುಗಿ ಕೈ ಹಿಡ್ಕೊಂಡು ಬಾ."

ಶಿವಣ್ಣ ಕೈ ಬಿಟ್ಟ. ಕಂಬ ವಾಲಿತು.

ಗಂಡ ಹೋದಾಗಿನಿಂದ ಚಿಕ್ಕಬಸಮ್ಮ ಮದುವೆಗಳನ್ನು ಬಾಗಿಲ ಸಂದಿಯಿಂದಲೇ ನೋಡಿದವಳು. ಚಪ್ಪರದ ಒಳಗೆ ಕಾಲಿಟ್ಟವಳಲ್ಲ, ಹಾಲುಗಂಬ ಮುಟ್ಟಿದವಳಲ್ಲ. ಯಾರೂ ಹೇಳುವ ಮೊದಲೇ ಹಿಂದೆ ಸರಿದು ನಿಲ್ಲುವುದು ಅವಳ ಅಭ್ಯಾಸ. ಈಗ ಸರಿಯೋಣವೆಂದರೆ ಆ ಬಯಲಿನಲ್ಲಿ ಬಾಗಿಲೂ ಇರಲಿಲ್ಲ, ಸಂದಿಯೂ ಇರಲಿಲ್ಲ.

"ಅಜ್ಜಿ, ಹಿಡ್ಕೋ" ಎಂದಳು ಪವಿತ್ರಾ.

"ನಾನು ಮುಟ್ಟಬಾರ್ದು ಕಣ್ಮಗಾ."

ಪವಿತ್ರಾ ಅತ್ತ ಇತ್ತ ನೋಡಿ, ಬಾವಿಯ ಹತ್ತಿರ ಮಾತಾಡುವವಳಂತೆ ಸುಮ್ಮನೆ ಅಂದಳು. "ಇಲ್ಲಿ ಹಾಲುಗಂಬ ಹಿಡಿಯೋರು ಯಾರೂ ಇಲ್ಲ ಅಜ್ಜಿ."

ಕೊರತೆ ಹೇಳಿದ ಮೇಲೆ ಮುಗಿಯಿತು. ಚಿಕ್ಕಬಸಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡು ಕೈಯಲ್ಲೂ ಕಂಬ ಹಿಡಿದು, ಗಂಡು ಹೆಣ್ಣಿನ ನಟ್ಟನಡುವೆ ನಿಂತಳು. ತಾಳಿ ಕಟ್ಟಿದ್ದು ಅವಳ ಮೊಣಕೈ ಕೆಳಗಿನಿಂದ. ಫೋಟೋದವನು ಮಲೆಯಾಳದಲ್ಲಿ ಏನೇನೋ ಬೇಡಿಕೊಂಡ. ಗಾಳಿ ಎಡಕ್ಕೆ ಬೀಸಿದರೆ ಅವಳು ಕಂಬ ಸಮೇತ ಎಡಕ್ಕೆ, ಬಲಕ್ಕೆ ಬೀಸಿದರೆ ಬಲಕ್ಕೆ. ಆದರೆ ಕಂಬ ಬೀಳಲಿಲ್ಲ.

ಆಲ್ಬಮ್ಮು ಊರಿಗೆ ಬಂತು. ಪ್ರತಿ ಪಟದಲ್ಲೂ ಚಿಕ್ಕಬಸಮ್ಮ ಪೂರ್ತಿ, ಕಂಬ ಪೂರ್ತಿ, ಪವಿತ್ರಾ ಅರ್ಧ. ಗಂಡಿನದು ಒಂದು ಕಿವಿ. ಮಂಗಳಮ್ಮ ಕೊನೆಯ ಹಾಳೆಯವರೆಗೂ ನೋಡಿ ಕೇಳಿದಳು. "ಅಲ್ಲಾ ಚಿಕ್ಕಬಸಕ್ಕ, ಮದ್ವೆ ಯಾರ್ದು?"

ಮುಂದಿನ ಹಬ್ಬಕ್ಕೆ ವಿನೋದನ್ ಮೊದಲ ಸಲ ಕಟ್ಟೆಮಳಲವಾಡಿಗೆ ಬಂದ. ಪವಿತ್ರಾ ಅಂಗಡಿಯ ಹತ್ತಿರ ಹಿಂದೆ ಉಳಿದಿದ್ದಳು. ಜಗಲಿಯ ಮೇಲಿದ್ದ ಹೆಂಗಸರು ಯಾರಪ್ಪ ನೀನು ಎಂದರು. ಅವನಿಗೆ ಕನ್ನಡ ಬಾರದು. ಸ್ವಲ್ಪ ಯೋಚಿಸಿ, ಬ್ಯಾಗು ಕೆಳಗಿಟ್ಟು, ಜಗಲಿಯ ಕಂಬದ ಹಿಂದೆ ಹೋಗಿ ನಿಂತು ಒಂದು ಕಿವಿ ಮಾತ್ರ ಈಚೆಗೆ ತೋರಿಸಿದ.

"ಅಯ್ಯೋ, ಅಳಿಯಂದ್ರು ಕಣ್ರೇ" ಎಂದು ಇಡೀ ಬೀದಿ ಎದ್ದು ನಿಂತಿತು.

ಚಿಕ್ಕಬಸಮ್ಮ ಒಳಗಿನಿಂದ ಬಂದಳು. ಮದುವೆಯ ದಿನ ಕಂಬದ ಈಚೆಗಿದ್ದ ಅವಳಿಗೂ ಆ ಮುಖ ಸರಿಯಾಗಿ ಕಂಡಿರಲಿಲ್ಲ. ಈಗ ಕಣ್ತುಂಬ ನೋಡಿ, ಗಲ್ಲ ಸವರಿ, "ಅಲ್ಲಿ ಎಲ್ಲಾ ಹೆಂಗಿದೀರಪ್ಪ?" ಎಂದಳು.

ಆಗ ವಿನೋದನ್ ಗಾಬರಿಯಿಂದ ಎರಡು ಹೆಜ್ಜೆ ಹಿಂದೆ ಸರಿದು, ಕೈಮುಗಿದು, ಹೆಂಡತಿ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಸಿದ್ದ ಒಂದೇ ಕನ್ನಡ ವಾಕ್ಯವನ್ನು ತಪ್ಪಿಲ್ಲದೆ ಒಪ್ಪಿಸಿದ.

"ನಮ್ಮನೇಲಿ ಎಲ್ಲಾ ಐತೆ ಅಜ್ಜಿ."